ಬಿಟ್ಟುಹೋದ ಆ ನಾಲ್ಕು ಸ್ಲೈಡು

ತುಮಕೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಮಿಕ್ಕ ಸಮಾಚಾರವನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದ. ‘ನನ್ನ ಕಂಪ್ಯೂಟರು ನಾಲ್ಕು ಜನ ಕ್ಷಯರೋಗಿಗಳ ಕಫದ ಸ್ಲೈಡು ನೋಡಿ ಏನೂ ಇಲ್ಲ ಅಂದಿತು, ಅಷ್ಟು ತಪ್ಪು ಇದ್ದದ್ದೇ ಅಂತಾರೆ ಗೈಡು, ನನಗೆ ನಿದ್ದೆ ಬರುತ್ತಿಲ್ಲ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನನಗೂ ಬರಲಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕಫ ನೋಡುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸನ್ನು ಹೀಗೇ ಕಳಿಸಿಬಿಟ್ಟಿದ್ದೆ. ಅವತ್ತು ಸಂತೆ. ಲ್ಯಾಬಿನ ಬಾಗಿಲವರೆಗೂ ಜನ. ನೆಗೆಟಿವ್ ಅಂತ ಬರೆಯಬೇಕಾದರೆ ನೂರು ಫೀಲ್ಡು, ಅಂದರೆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ ನೂರು ಕಡೆ, ನೋಡಲೇಬೇಕು. ನಾನು ಮೂವತ್ತು ನೋಡಿರಬೇಕು, ಅಷ್ಟೂ ಇಲ್ಲವೇನೋ. ‘ಏನೂ ಇಲ್ಲ, ಹೋಗಮ್ಮ’ ಅಂದೆ. ಕಂಕುಳಲ್ಲಿ ಮಗು ಇತ್ತು. ಇನ್ನೊಂದು ಸಲ ಬೆಳಗಿನ ಕಫ ತಂದುಕೊಡಬೇಕು ಅಂತ ನಿಯಮ. ಬಸ್ ಚಾರ್ಜಿಗಿಲ್ಲ ಅಂದಳು, ನಾನೂ ಸುಮ್ಮನಾದೆ. ರಾಗಿ ಒಕ್ಕಣೆ ಮುಗಿದ ಮೇಲೆ ಗಂಡ ಅವಳನ್ನು ಎತ್ತಿಕೊಂಡೇ ಬಂದ. ಆ ಸಲದ ಸ್ಲೈಡಿನಲ್ಲಿ ನೀಲಿಯ ಮೇಲೆ ಎತ್ತ ನೋಡಿದರೂ ಕೆಂಪು ಕಡ್ಡಿಗಳು. ಮಗು ಎಲ್ಲಿ ಅಂತ ನಾನು ಕೇಳಲಿಲ್ಲ. ಧೈರ್ಯ ಬರಲಿಲ್ಲ, ಪುಟ್ಟಿ. ಮೂವತ್ತು ವರ್ಷವಾಯಿತು.

ನಿನ್ನ ಗೈಡು ಹೇಳುವುದು ಸುಳ್ಳಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಕ್ರಿಮಿಗಳಾದರೂ ಇಲ್ಲದಿದ್ದರೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಮೊಟ್ಟೆ ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದರೆ ಕೆಲವೇ ಇದ್ದರೂ ಸಿಗುತ್ತವೆ, ಆದರೆ ಎಂಟು ವಾರದವರೆಗೂ ಕಾಯಬೇಕಾಗುತ್ತದೆ. ಆ ನಾಲ್ಕು ಅಂಥವೇ ಇರಬಹುದು. ಇಲ್ಲದೆಯೂ ಇರಬಹುದು. ನೀನು ತೆಗೆದು ನೋಡಿದೆಯಾ?

ಕಂಪ್ಯೂಟರು ಇದು ಕ್ರಿಮಿಯೇ ಅಂತ ಒಪ್ಪುವ ಗೆರೆ ಸ್ವಲ್ಪ ಕೆಳಗಿಳಿಸಿದರೆ ನಾಲ್ಕೂ ಸಿಗುತ್ತವೆ ಅಂದಿದ್ದೀಯ. ಸಿಗುತ್ತವೆ. ಜೊತೆಗೆ ಸರಿಯಾಗಿ ಸೋಸದ ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣದ ಹರಳೂ ಕ್ರಿಮಿ ಅನ್ನಿಸಿಕೊಳ್ಳುತ್ತದೆ. ರೋಗವೇ ಇಲ್ಲದವರು ಆರು ತಿಂಗಳು ಮಾತ್ರೆ ನುಂಗುತ್ತಾರೆ. ಅಂಥ ಮನೆಗೆ ಹೆಣ್ಣು ಕೊಡಲು ಹಿಂಜರಿದವರನ್ನು ಕಂಡಿದ್ದೇನೆ.

ಆದರೂ ಮನಸ್ಸು ಆ ನಾಲ್ಕಕ್ಕೇ ಹೋಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಹಿಂದೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ರೋಗಿಗಳನ್ನು ಹುಡುಕಿ ಮಾತಾಡಿಸಿದ್ದರು. ಬ್ಯಾನರ್ಜಿ, ಆಂಡರ್ಸನ್ ಅನ್ನುವವರು ಅದನ್ನು 1963ರಲ್ಲಿ ಪ್ರಕಟಿಸಿದರು. ರೋಗವಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು, ಕೆಮ್ಮಿನ ಔಷಧಿಯ ಶೀಷೆ ಹಿಡಿದು. ತರಬೇತಿಯಲ್ಲಿ ಇದನ್ನು ಕೇಳಿದ್ದೆ. ಕೇಳಿಸಿಕೊಂಡ ಮೇಲೂ ಅವಳನ್ನು ಹಾಗೇ ಕಳಿಸಿದೆ.

ನಿನಗೆ ಹೇಳಿಕೊಡುವಷ್ಟು ನಾನು ಓದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಆ ನಾಲ್ಕರಲ್ಲಿ ಇದ್ದದ್ದು ಎದೆಯಿಂದ ಬಂದ ಕಫವೋ ಬರೀ ಎಂಜಲೋ, ಬೆಳಗಿನದೋ ಮಧ್ಯಾಹ್ನದ್ದೋ, ಸ್ಲೈಡಿಗೆ ಬಳಿದ ಸ್ಮಿಯರ್ ದಪ್ಪವಾಗಿತ್ತೋ, ಇಷ್ಟಾದರೂ ವಿಚಾರಿಸು. ಸ್ಲೈಡು ಮಾಡಿದವರನ್ನೇ ಹೋಗಿ ಕೇಳು, ಫೋನಿನಲ್ಲಿ ಬೇಡ. ಅನುಮಾನ ಬಂದವನ್ನು ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಕಳಿಸಿ ಅಂತ ಹೇಳುವ ನಡುವಿನ ಉತ್ತರವೊಂದು ನಿನ್ನ ಕಂಪ್ಯೂಟರಿಗೆ ಬರುತ್ತದೆಯೋ ಏನೋ, ನೀನೇ ನೋಡಬೇಕು.

ಇನ್ನೊಂದು, ಹೇಳಲೋ ಬೇಡವೋ. ರಿಪೋರ್ಟಿನಲ್ಲಿ ‘ಇಲ್ಲ’ ಅಂತ ಹಾಕಬೇಡಮ್ಮ. ‘ಕಾಣಲಿಲ್ಲ’ ಅಂತ ಹಾಕು, ಎಷ್ಟು ಫೀಲ್ಡು ನೋಡಿತು ಅನ್ನುವುದನ್ನೂ ಹಾಕು. ನಾನು ಅವತ್ತು ‘ಕಾಣಲಿಲ್ಲ, ಮತ್ತೆ ಬಾ’ ಅಂದಿದ್ದರೆ ಅವಳು ಸಾಲ ಮಾಡಿಯಾದರೂ ಬರುತ್ತಿದ್ದಳೇನೋ.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಬರುತ್ತೀಯಲ್ಲ, ಆ ನಾಲ್ಕರ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಾ. ಪೊರೆ ತೆಗೆಸಿದ ಮೇಲೆ ಕಣ್ಣು ಚೆನ್ನಾಗಿ ಕಾಣುತ್ತಿದೆ. ಜಗಲಿ ಮೇಲೆ ಬೆಳಕಿಗೆ ಹಿಡಿದು ಒಂದೊಂದೇ ನೋಡೋಣ.

ನಿನ್ನ ದೊಡ್ಡಪ್ಪ