ಇಂಗಾಲ ತೆರಿಗೆ ಇಲ್ಲೇ ಸಂಗ್ರಹವಾಗಲಿ

ಮಾನ್ಯರೇ,

ಐರೋಪ್ಯ ಒಕ್ಕೂಟದ ಗಡಿ ಇಂಗಾಲ ತೆರಿಗೆ, ಅಂದರೆ ಆಮದಾಗುವ ಮಾಲು ತಯಾರಾಗುವಾಗ ಹೊರಬಿದ್ದ ಇಂಗಾಲದ ಹೊಗೆಗೆ ಹಾಕುವ ತೆರಿಗೆ, 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಯಾಗಿದೆ. ಇದು ದೊಡ್ಡ ಉಕ್ಕಿನ ಕಾರ್ಖಾನೆಗಳ ತಲೆನೋವು ಎಂದುಕೊಂಡವರೇ ಹೆಚ್ಚು. ಆದರೆ ಅದರ ಪಟ್ಟಿಯಲ್ಲಿ 7318 ಎಂಬ ಸುಂಕ ಸಂಖ್ಯೆಯೂ ಇದೆ. ಅಂದರೆ ಬೋಲ್ಟು, ನಟ್ಟು, ಸ್ಕ್ರೂ. ಯುರೋಪಿಗೆ ಮಾಲು ಕಳಿಸುವ ಪೀಣ್ಯದ ಸಣ್ಣ ಶೆಡ್ಡೂ ಇದರಿಂದ ಹೊರಗಿಲ್ಲ.

ಬೋಲ್ಟಿನ ಹೊಗೆಯಲ್ಲಿ ಬಹುಪಾಲು ಅದರ ಕಚ್ಚಾ ಮಾಲಾದ ವೈರ್ ರಾಡ್ (ಸುರುಳಿ ಸುತ್ತಿದ ಉಕ್ಕಿನ ಸರಳು) ಮಿಲ್ಲಿನಲ್ಲಿ ತಯಾರಾಗುವಾಗಲೇ ಹೊರಬಿದ್ದಿರುತ್ತದೆ. ಊದುಕುಲುಮೆಯಲ್ಲಿ ಅದಿರಿನಿಂದ ತೆಗೆದ ಒಂದು ಟನ್ ಉಕ್ಕಿಗೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಗುಜರಿ ಕರಗಿಸಿ ಮಾಡಿದ ಉಕ್ಕಿನಲ್ಲಿ, ಕರೆಂಟಿನ ಪಾಲು ಬಿಟ್ಟರೆ, ಅದರ ಕಾಲುಭಾಗವೂ ಇರುವುದಿಲ್ಲ. ಉಕ್ಕಿನ ವಸ್ತುಗಳಿಗೆ ಯುರೋಪ್ ಸದ್ಯ ಕರೆಂಟಿನ ಹೊಗೆ ಎಣಿಸುವುದೂ ಇಲ್ಲ. ಒಂದು ಟನ್ ಬೋಲ್ಟಿಗೆ 1,080 ಕೆ.ಜಿ. ರಾಡ್ ಖರ್ಚಾದರೆ, ಚೂರಾಗಿ ಹೋದ 80 ಕೆ.ಜಿ.ಯ ಹೊಗೆಯೂ ಬೋಲ್ಟಿನ ಲೆಕ್ಕಕ್ಕೇ ಬರುತ್ತದೆ.

ರಾಡ್ ಯಾವ ಮಿಲ್ಲಿನದು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಯುರೋಪ್ ತಾನೇ ನಿಗದಿ ಮಾಡಿದ, ಹೆಚ್ಚಿನ ಅಂಕಿ ಹಾಕುತ್ತದೆ. ದಾಖಲೆ ಕಳೆದುಹೋಗುವ ಜಾಗ ರಾಡಿನ ಮೇಲ್ಮೈ ಶುಚಿಗೊಳಿಸುವ ಆಸಿಡ್ ತೊಟ್ಟಿ. ರಾಡಿನ ಸುರುಳಿ ಅದರೊಳಗೆ ಇಳಿಯುವಾಗ ಹೀಟ್ ನಂಬರಿನ (ಉಕ್ಕು ಯಾವ ಕರಗಿಸುವಿಕೆಯದು ಎಂದು ಮಿಲ್ಲು ಕೊಡುವ ಸಂಖ್ಯೆ) ಚೀಟಿ ಕಿತ್ತುಹೋಗುತ್ತದೆ, ಮುಂದೆ ಎರಡು ಮಿಲ್ಲುಗಳ ಮಾಲು ಒಂದೇ ಬಿನ್ನಿಗೆ ಬೀಳುತ್ತದೆ. ಆಸಿಡ್ ತಡೆಯುವ ಪ್ಲಾಸ್ಟಿಕ್ ಬಿಲ್ಲೆಗೆ ನಂಬರ್ ಅಚ್ಚೊತ್ತಿ ಕಟ್ಟಬೇಕು. ಆಮೇಲಿನ ಪ್ರತಿ ಹಂತದ ಜಾಬ್ ಕಾರ್ಡಿನಲ್ಲೂ ಅದೇ ನಂಬರ್ ಬರೆಯಬೇಕು. ಮಿಲ್ಲಿನ ಹೊಗೆ ಲೆಕ್ಕವನ್ನು ಆರ್ಡರ್ ಕೊಡುವಾಗಲೇ ಕೇಳಬೇಕು, ಮಾಲು ಇಳಿಸಿಕೊಂಡ ಮೇಲಲ್ಲ.

ಎರಡು ತಪ್ಪು ತಿಳಿವಳಿಕೆ ದುಬಾರಿಯಾಗಲಿವೆ. ವರ್ಷಕ್ಕೆ 50 ಟನ್‌ವರೆಗಿನ ವಿನಾಯಿತಿ ಅಲ್ಲಿನ ಆಮದುದಾರನಿಗೆ, ಇಲ್ಲಿನ ತಯಾರಕನಿಗಲ್ಲ. ನೀವು 10 ಟನ್ ಕಳಿಸಿದರೂ ಆತ ಎಲ್ಲರಿಂದ ಸೇರಿ 50 ದಾಟಿದರೆ ತೆರಿಗೆ ಬೀಳುತ್ತದೆ, ಆತ ಅದನ್ನು ನಿಮ್ಮ ದರದಲ್ಲಿ ಮುರಿದುಕೊಳ್ಳುತ್ತಾನೆ. ಇನ್ನೊಂದು, ‘2026ರಲ್ಲಿ ತೆರಿಗೆಯ ಶೇ 2.5 ಮಾತ್ರ’ ಎಂಬ ಮಾತು. ಆ ರಿಯಾಯಿತಿ ಆಯಾ ವಸ್ತುವಿಗೆ ಯುರೋಪ್ ಗೊತ್ತುಮಾಡಿದ ಮಾನದಂಡದಷ್ಟು ಹೊಗೆಗೆ ಮಾತ್ರ. ಅದನ್ನು ಮೀರಿದ ಪಾಲಿಗೆ ಮೊದಲ ವರ್ಷದಿಂದಲೇ ಪೂರ್ತಿ ದರ.

ತಯಾರಾದ ದೇಶದಲ್ಲೇ ಇಂಗಾಲಕ್ಕೆ ಹಣ ಕಟ್ಟಿದ್ದರೆ ಅಷ್ಟನ್ನು ಈ ತೆರಿಗೆಯಿಂದ ಕಳೆಯಲು ಯುರೋಪಿನ ಕಾನೂನಿನಲ್ಲಿ ಅವಕಾಶವಿದೆ. ನಮ್ಮಲ್ಲಿ ಅದಕ್ಕೊಂದು ಬುನಾದಿಯೂ ಇತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್‌ಗೆ ₹50ರಂತೆ ಶುರುವಾದ ಸೆಸ್ 2016ಕ್ಕೆ ₹400 ಆಯಿತು. ಮರುವರ್ಷ ಜಿಎಸ್‌ಟಿ ಪರಿಹಾರ ಸೆಸ್ಸಿನೊಳಗೆ ಕರಗಿತು. 2025ರ ಸೆಪ್ಟೆಂಬರ್ 22ರಂದು ಅದೂ ಹೋಗಿ ಶೇ 18 ಜಿಎಸ್‌ಟಿ ಬಂತು. ಅದು ಬೆಲೆಯ ಮೇಲಿನ ತೆರಿಗೆ. ಉಕ್ಕಿನ ಕಾರ್ಖಾನೆಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಅದನ್ನು ಇಂಗಾಲದ ಬೆಲೆ ಎಂದು ಯಾರಿಗೂ ತೋರಿಸಲಾಗದು.

ಕೇಂದ್ರ ಆ ಸೆಸ್ಸನ್ನು ಮರಳಿ ತರಬೇಕು, ಈ ಸಲ ಟನ್ ಕಲ್ಲಿದ್ದಲಿನ ಬದಲು ಟನ್ ಹೊಗೆಯ ಲೆಕ್ಕದಲ್ಲಿ. ಬಂದ ಹಣದಲ್ಲಿ ಮೊದಲ ಪಾಲು ಸಣ್ಣ ಘಟಕಗಳ ಹೊಗೆ ಲೆಕ್ಕ ಪರಿಶೀಲನೆಯ ಶುಲ್ಕಕ್ಕೆ ಹೋಗಲಿ.