ಡಿಸೆಂಬರ್‌ಗೆ ಬೇಡ, ಜನವರಿ ಕೊನೆಗೆ ಬಾ

ಪ್ರೀತಿಯ ಸತೀಶ,

ನಿನ್ನ ಮೆಸೇಜ್ ನೋಡಿ ಖುಷಿಯಾಯಿತು, ಜೊತೆಗೇ ಸ್ವಲ್ಪ ಗಾಬರಿಯೂ ಆಯಿತು. ಡಿಸೆಂಬರ್ 18ಕ್ಕೆ ಬಂದು 28ಕ್ಕೆ ವಾಪಸ್ ಹೊರಡ್ತೀನಿ, ಈ ಸಲ ಹೆಪ್ಪುಗಟ್ಟಿದ ಸರೋವರದ ಐಸಿನ ಮೇಲೆ ಕೂತು ವಾಲೈ ಮೀನು ಹಿಡಿಯದೆ ಬಿಡಲ್ಲ ಅಂತ ಬರೆದಿದ್ದೀಯಲ್ಲ, ಟಿಕೆಟ್ ಇನ್ನೂ ಮಾಡಿಲ್ಲ ಅಂದ್ರೆ ಒಂದು ನಿಮಿಷ ತಡಿ ಮಾರಾಯ. ಇದನ್ನ ಪೂರ್ತಿ ಓದಿ ಆಮೇಲೆ ಮಾಡು.

ನಾನು ಅಮೆರಿಕದ ಈ ಮಿನ್ನೆಸೋಟ ರಾಜ್ಯಕ್ಕೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಐಸಿನ ಮೇಲೆ ನಡೆಸಿದ್ದು ಪಕ್ಕದ ಮನೆಯ ಹಿರಿಯರು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದ ಮಿಲ್ ಲ್ಯಾಕ್ಸ್ ಸರೋವರ. ಅವರ ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದ ತಾರೀಕುಗಳ ಸಾಲೇ ಇದೆ, ಪ್ರತಿ ವರ್ಷ ಐಸಿನ ಮೇಲೆ ಮೊದಲು ಕಾಲಿಟ್ಟ ದಿನ. ಮೇಲಿನವೆಲ್ಲ ಡಿಸೆಂಬರ್ ಮೊದಲ ವಾರದವು. ಕೆಳಗೆ ಬರ್ತಾ ಬರ್ತಾ ತಾರೀಕುಗಳು ಹಿಂದೆ ಮುಂದೆ ಓಡಾಡುತ್ತವೆ. 2023ರ ಎದುರಿಗೆ ಮಾತ್ರ ಏನೂ ಇಲ್ಲ, ಖಾಲಿ. ಆ ಖಾಲಿ ಜಾಗ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಚಳಿಗಾಲ ಈ ರಾಜ್ಯ ದಾಖಲೆ ಇಟ್ಟಾಗಿನಿಂದ ಕಂಡ ಅತಿ ಬೆಚ್ಚನೆಯ ಚಳಿಗಾಲ. ಕ್ರಿಸ್‌ಮಸ್ ದಿನ ಇಲ್ಲಿ ಮಳೆ ಬಂತು. ಡಿಸೆಂಬರ್ 29ರಂದು ಅಪ್ಪರ್ ರೆಡ್ ಲೇಕ್ ಅನ್ನೋ ಸರೋವರದಲ್ಲಿ ಐಸಿನ ದೊಡ್ಡ ಹಾಳೆಯೊಂದು ದಡದಿಂದ ಬಿಟ್ಟುಕೊಂಡು, ನೂರಕ್ಕೂ ಹೆಚ್ಚು ಮಂದಿ ಅದರ ಮೇಲೆ ಸಿಕ್ಕಿಹಾಕಿಕೊಂಡರು. ಎಲ್ಲರನ್ನೂ ದಡಕ್ಕೆ ತಂದರು ಅನ್ನೋದೇ ಸಮಾಧಾನ. ಜನವರಿಯಲ್ಲಿ ಗಲ್ ಲೇಕ್‌ನಲ್ಲಿ ಸಾವಿರಾರು ಜನ ಸೇರುವ ಮೀನು ಹಿಡಿಯುವ ಸ್ಪರ್ಧೆ ಇರುತ್ತದೆ, ಬ್ರೈನರ್ಡ್ ಊರಿನವರು ನಡೆಸೋದು, ಐಸು ಸಾಲದೆ 2024ರಲ್ಲಿ ಅದನ್ನೂ ಕೈಬಿಟ್ಟರು.

ಅದೇ ಡಿಸೆಂಬರಿನಲ್ಲಿ ನಾನೂ ಹೋಗಿದ್ದೆ. ದಡದಲ್ಲಿ ಐಸು ಗಟ್ಟಿ ಇತ್ತು. ಇಲ್ಲಿ ಐಸು ನೋಡೋಕೆ ಒಂದು ಉದ್ದ ಕಬ್ಬಿಣ ಹಿಡ್ಕೊಂಡು ಹೋಗ್ತಾರೆ, ನಮ್ಮ ಹಾರೆಯಂಥದ್ದೇ. ಕೆಲವು ಹೆಜ್ಜೆಗೊಂದು ಸಲ ಜೋರಾಗಿ ಕುಟ್ಟಬೇಕು. ಗಟ್ಟಿ ಐಸು ಟಣ್ ಅನ್ನುತ್ತದೆ. ನಲವತ್ತು ಹೆಜ್ಜೆ ಹೋಗಿರಬಹುದು, ಒಂದು ಕಡೆ ಕುಟ್ಟಿದಾಗ ಟಣ್ ಅನ್ನದೆ ದಬ್ ಅಂತು, ಇನ್ನೊಂದು ಸಲ ಕುಟ್ಟಿದೆ, ಹಾರೆ ಸರಕ್ಕನೆ ಒಳಗೆ ಹೋಗಿ ತೂತಿನಿಂದ ನೀರು ಉಕ್ಕಿ ಬೂಟಿನ ಸುತ್ತ ಹರಡಿತು. ಒಂದೇ ಒಂದು ಹೆಜ್ಜೆ ಮುಂದೆ! ನಾನು ಬಂದ ಹೆಜ್ಜೆ ಗುರುತಿನ ಮೇಲೇ ಕಾಲಿಟ್ಟು ಹಿಂದಕ್ಕೆ ಬಂದೆ. ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಕೈ ನಡುಗುತ್ತಿತ್ತು. ಮನೆಯಲ್ಲಿ ಇದನ್ನ ಇವತ್ತಿಗೂ ಹೇಳಿಲ್ಲ, ನೀನೂ ಹೇಳಬೇಡ.

ನಿನಗೆ ಅರ್ಥವಾಗುತ್ತದೆ ಅಂತ ಗೊತ್ತು. ಮೃಗಶಿರ ಮಳೆ ಹಿಡೀತು ಅಂದ್ರೆ ಬಿದಿರಿನ ಕೂಣಿ ಬಲೆ ಹಿಡ್ಕೊಂಡು, ಹೊಸ ನೀರಿಗೆ ಮೇಲೇರಿ ಬರೋ ಹತ್ತುಮೀನಿಗೆ ಗದ್ದೆ ಕಡೆ ಓಡ್ತಿದ್ವಲ್ಲ, ಯಾರೂ ಕ್ಯಾಲೆಂಡರ್ ನೋಡ್ತಿರಲಿಲ್ಲ. ಈಗ ಮಳೆ ಯಾವಾಗ ಬರುತ್ತೋ ಹೇಳೋಕಾಗಲ್ಲ ಅಂತ ನೀನೇ ಬರೆದಿದ್ದೆ. ಇಲ್ಲಿಯವರಿಗೂ ಅದೇ ಆಗಿದೆ. ಅಪ್ಪನಿಂದ ಮಗನಿಗೆ ಬಂದ ತಾರೀಕು ಈಗ ನಂಬುವ ಹಾಗಿಲ್ಲ. ಕಳೆದ 50 ವರ್ಷದಲ್ಲಿ ಇಲ್ಲಿನ ಸರೋವರಗಳು ಸರಾಸರಿ 10ರಿಂದ 14 ದಿನದ ಐಸು ಕಳೆದುಕೊಂಡಿವೆ. ಕೇಳೋಕೆ ಚಿಕ್ಕದು. ಆದರೆ ಈ ಕಡೆಯ ಬಹುತೇಕ ಸರೋವರಗಳಲ್ಲಿ ವಾಲೈ ಹಿಡಿಯೋಕೆ ಅವಕಾಶ ಇರೋದು ಫೆಬ್ರವರಿ ಕೊನೆಯ ಭಾನುವಾರದವರೆಗೆ ಮಾತ್ರ. ಶುರು ತಡವಾದರೆ ಕೊನೆ ಮುಂದಕ್ಕೆ ಹೋಗಲ್ಲ, ಉಳಿಯೋ ವಾರಗಳೇ ಕಮ್ಮಿಯಾಗುತ್ತವೆ. ಐಸಿನ ಮೇಲೆ ಕೂತು ಮೀನು ಹಿಡಿಯೋ ಗುಡಿಸಲು ಬಾಡಿಗೆಗೆ ಕೊಡುವವರು, ಗಾಳಕ್ಕೆ ಹಾಕುವ ಜೀವಂತ ಸಣ್ಣ ಮೀನು ಮಾರುವ ಅಂಗಡಿಯವರು, ಇವರ ಚಳಿಗಾಲದ ದುಡಿಮೆಯೆಲ್ಲ ಆ ವಾರಗಳಲ್ಲೇ ಆಗಬೇಕು.

ಆ ಬೆಚ್ಚನೆಯ ಚಳಿಗಾಲದ ನಂತರದ ವರ್ಷ ಚಳಿ ಬಿತ್ತು, ಐಸು ಚೆನ್ನಾಗಿಯೇ ಕಟ್ಟಿತು. ಅದನ್ನ ನೋಡಿ ಜನ, ನೋಡಿ ಎಲ್ಲ ಸರಿಹೋಯ್ತು ಅಂದರು. ನನಗೆ ಹೆದರಿಕೆ ಅದೇ, ಒಂದು ವರ್ಷದ ಧೈರ್ಯ ಇಟ್ಕೊಂಡು ಮುಂದಿನ ವರ್ಷ ಕಾಲಿಡ್ತಾರೆ.

ಐಸಿನಲ್ಲೂ ಬೇರೆ ಬೇರೆ ಥರ ಇದೆ. ಹೊಸದಾಗಿ ಕಟ್ಟಿದ ತಿಳಿ ಐಸು ಕಪ್ಪಗೆ ಕಾಣುತ್ತದೆ, ಅದು ಗಟ್ಟಿ. ನಡೆಯೋಕೆ ಅದು 4 ಇಂಚು ಇರಬೇಕು, ಸಣ್ಣ ಕಾರಿಗೆ 9ರಿಂದ 10 ಇಂಚು. ಹಿಮ ನೆನೆದು ಮತ್ತೆ ಗಡ್ಡೆಕಟ್ಟಿದ ಬಿಳಿ ಐಸಾದರೆ ಅದರ ಎರಡರಷ್ಟು ದಪ್ಪ ಬೇಕು. ಬೆಚ್ಚನೆಯ ಚಳಿಗಾಲದಲ್ಲಿ ಸಿಗೋದು ಈ ಬಿಳಿಯದೇ ಜಾಸ್ತಿ. ತೆಳು ಐಸಿನ ಮೇಲೆ ಹಿಮ ಬಿದ್ದರೆ ಇನ್ನೂ ಕಷ್ಟ, ಅದು ಕಂಬಳಿ ಹೊದಿಸಿದ ಹಾಗೆ, ಮೇಲಿನ ಚಳಿ ಕೆಳಗೆ ಇಳಿಯೋದಿಲ್ಲ, ಐಸು ಬೆಳೆಯೋದಿಲ್ಲ.

ಮೀನಿಗೂ ಸುಖವಿಲ್ಲ. ವಾಲೈಗೆ ತಂಪು ನೀರು ಬೇಕು. ವಸಂತದಲ್ಲಿ ಐಸು ಕರಗಿದ ಹಿಂದೆಯೇ ಮೊಟ್ಟೆ ಇಡುತ್ತದೆ. ಐಸು ಒಂದೊಂದು ವರ್ಷ ತೀರಾ ಬೇಗ ಹೋಗಿಬಿಡುತ್ತದೆ, ಮೀನು ಅಷ್ಟು ಬೇಗ ತನ್ನ ಕಾಲ ಬದಲಾಯಿಸಿಕೊಳ್ಳಲ್ಲ, ಹಾಗಾಗಿ ಮರಿ ಹೊರಬರುವ ಹೊತ್ತಿಗೆ ಅದು ತಿನ್ನುವ ಸಣ್ಣ ಜೀವಿಗಳ ಕಾಲ ಆಗಲೇ ದಾಟಿರಬಹುದು.

ಇಷ್ಟೆಲ್ಲ ಹೇಳಿ ನಿನ್ನ ಆಸೆ ಮುರಿಯೋಕೆ ಬರೆಯುತ್ತಿಲ್ಲ. ಸಂಜೆ ಸೂರ್ಯ ಇಳಿಯೋ ಹೊತ್ತಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು, ಬೋಂಡಾ ಎತ್ತೋ ಜಾಲರಿ ಸೌಟಿನಂಥದ್ದರಿಂದ ಐಸಿನ ಚೂರು ತೆಗೆದು, ಗಾಳ ಇಳಿಸಿ ಸರೋವರದ ತಳದಿಂದ ಒಂದು ಅಡಿ ಮೇಲೆ ಆಡಿಸುತ್ತಾ ಕೂರಬೇಕು. ವಾಲೈ ಕಣ್ಣು ಮಂದ ಬೆಳಕಿಗೇ ಮಾಡಿದ ಕಣ್ಣು, ಕಚ್ಚೋದು ಜಾಸ್ತಿ ಆಗಲೇ. ಎಳೆದಾಟ ಏನೂ ಇರಲ್ಲ, ದಾರ ಸುಮ್ನೆ ಸ್ವಲ್ಪ ಭಾರ ಅನ್ನಿಸುತ್ತದೆ. ಮೇಲೆ ತಂದು ಟಾರ್ಚ್ ಬಿಟ್ಟರೆ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ, ಮೈಯೆಲ್ಲ ಹಿತ್ತಾಳೆ ಬಣ್ಣ, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಮಚ್ಚೆ. ಇದನ್ನ ನೀನು ನೋಡಲೇಬೇಕು.

ಅದಕ್ಕೇ ಜನವರಿ ಕೊನೆಯ ವಾರಕ್ಕೆ ಬಾ. ಮಿಲ್ ಲ್ಯಾಕ್ಸ್ ಬೇಡ, ಕೆನಡಾ ಗಡಿಯ ಲೇಕ್ ಆಫ್ ದ ವುಡ್ಸ್‌ಗೆ ಹೋಗೋಣ, ಅಲ್ಲಿ ಚಳಿ ಜಾಸ್ತಿ, ರೆಸಾರ್ಟಿನವರೇ ಐಸು ಅಳೆದು ದಾರಿ ಮಾಡಿರುತ್ತಾರೆ. ಹೊರಗಿನವರಿಗೆ 72 ಗಂಟೆಯ ಲೈಸೆನ್ಸ್ ಸಿಗುತ್ತದೆ, ಅದು ಸಾಕು. ತಾರೀಕು ಬದಲಾಯಿಸಲು ಆಗುವಂಥ ಟಿಕೆಟ್ಟೇ ಮಾಡು, ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ಬೂಟು, ಜಾಕೆಟ್ ನನ್ನ ಹತ್ತಿರ ಎರಡೆರಡಿವೆ. ಅತ್ತಿಗೆ ಹತ್ತಿರ ಹೇಳಿ ಮೀನು ಸಾರಿನ ಪುಡಿ ಮಾಡಿಸಿಕೊಂಡು ಬಾ, ವಾಟೆಹುಳಿ ಸಿಕ್ಕರೆ ಅದೂ ಇರಲಿ.

ಆ ದಿನ ಹಾರೆ ಟಣ್ ಅನ್ನದಿದ್ದರೆ ದಡದಲ್ಲೇ ಕೂತು ಕಾಫಿ ಕುಡಿದು ವಾಪಸ್ ಬರ್ತೀವಿ, ಆಗ ನನ್ನ ಮೇಲೆ ಬೇಜಾರು ಮಾಡ್ಕೋಬಾರದು. ಇದಕ್ಕೆ ಈಗಲೇ ಒಪ್ಪಿಕೊಂಡು ಉತ್ತರ ಬರಿ.

ನಿನ್ನ,
ರಮೇಶ