ಕಾನ್ಸಾಸ್‌ನ ಹೆಂಗಸರ ಸಾಕ್ಷ್ಯಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಅಂತರ್ಯುದ್ಧದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಲಿಂಕನ್‌ರಿಂದ ಆರಂಭವಾಗಿ, ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್‌ನನ್ನು ಒಂದು ಸಾಲಿನಲ್ಲಿ ನೆನೆದು, ನೇರವಾಗಿ ರಣರಂಗಕ್ಕೆ ಹೋಗಿಬಿಡುತ್ತವೆ. ಆದರೆ ಆ ಯುದ್ಧಕ್ಕೆ ಐದಾರು ವರ್ಷ ಮೊದಲೇ ಕಾನ್ಸಾಸ್‌ನಲ್ಲಿ ರಕ್ತ ಹರಿದಿತ್ತು. ಅದನ್ನು ಕಂಡುಂಡ ವಲಸಿಗ ಹೆಂಗಸರ ಬರಹ ಮತ್ತು ಹೇಳಿಕೆಗಳನ್ನು ನಮ್ಮ ಲೇಖಕರು ಮುಖ್ಯ ಆಕರವಾಗಿಯೇ ಬಳಸಬೇಕೆಂದು ವಿನಂತಿಸುತ್ತೇನೆ.

ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು 1854ರ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆಯು ಅಲ್ಲಿ ನೆಲೆಸಿದವರ ತೀರ್ಮಾನಕ್ಕೆ ಬಿಟ್ಟಿತು. ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್‌ನ ಗುಲಾಮಗಿರಿ ವಿರೋಧಿಗಳು ಸಂಸಾರ ಸಮೇತ ಬಂದು ನೆಲೆಯೂರಿದರೆ, ಗುಲಾಮಗಿರಿಯಿದ್ದ ಪಕ್ಕದ ಮಿಸೌರಿ ರಾಜ್ಯದಿಂದ ಸಾವಿರಾರು ಮಂದಿ ಗಡಿ ದಾಟಿ ಬಂದು ಮತ ಹಾಕಿ ಹೋದರು. 1855ರ ಕೊನೆಯಲ್ಲಿ ಗುಲಾಮಗಿರಿ ವಿರೋಧಿಗಳ ನೆಲೆಯಾಗಿದ್ದ ಲಾರೆನ್ಸ್ ಪಟ್ಟಣಕ್ಕೆ ಗುಲಾಮಗಿರಿ ಪರದವರ ಮುತ್ತಿಗೆ ಬಿದ್ದಾಗ ಲೋಯಿಸ್ ಬ್ರೌನ್ ಮತ್ತು ಮಾರ್ಗರೆಟ್ ವುಡ್ ಕೋವಿಮದ್ದನ್ನು ಲಂಗದೊಳಗೆ ಅಡಗಿಸಿಕೊಂಡು ಊರಿಗೆ ತಂದರು. ರಾತ್ರಿ ಮೇಜಿನ ಮೇಲೆ ಗುಂಡು ತುಂಬಿದ ಪಿಸ್ತೂಲುಗಳೂ ಕತ್ತಿಯೂ, ಕೋಣೆಯಲ್ಲಿ ಮೂರು ರೈಫಲ್‌ಗಳೂ ಇರುತ್ತವೆಂದು ಅಲ್ಲಿನ ವಲಸಿಗೆ ಹನ್ನಾ ರೋಪ್ಸ್ ತಾಯಿಗೆ ಬರೆದರು. 1856ರ ಮೇ 21ರಂದು ಲಾರೆನ್ಸ್ ಲೂಟಿಯಾಗಿ ತಮ್ಮ ಮನೆ ಸುಟ್ಟುಹೋದ ಮೇಲೆ ಸಾರಾ ರಾಬಿನ್‌ಸನ್, ಲೆಕಾಂಪ್ಟನ್ ಊರಿನ ಬಳಿ ಸೆರೆಯಾಗಿದ್ದ ಪತಿ, ಗುಲಾಮಗಿರಿ ವಿರೋಧಿ ನಾಯಕ ಚಾರ್ಲ್ಸ್ ರಾಬಿನ್‌ಸನ್‌ರೊಡನೆ ಶಿಬಿರದಲ್ಲಿದ್ದರು. ಅವರು ಬರೆದ ಕಾನ್ಸಾಸ್ ವೃತ್ತಾಂತ ಅದೇ ವರ್ಷ ಪುಸ್ತಕವಾಗಿ ಹೊರಬಂತು.

ಇವರಷ್ಟೇ ಅಲ್ಲ, ಎದುರು ಪಕ್ಷದ, ಅಂದರೆ ಗುಲಾಮಗಿರಿ ಪರದ ಕುಟುಂಬದ ಮಹಾಲಾ ಡಾಯ್ಲ್‌ಳ ಮಾತನ್ನೂ ಓದಲೇಬೇಕು. 1856ರ ಮೇ 24ರ ರಾತ್ರಿ ಜಾನ್ ಬ್ರೌನ್‌ನ ತಂಡ ಕಾನ್ಸಾಸ್‌ನ ಪೊಟವಾಟಮಿ ಹಳ್ಳದ ಬಳಿಯ ಮನೆಯಿಂದ ಆಕೆಯ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಎಳೆದೊಯ್ದು ಕೊಂದಿತು. ಆಕೆ ಅತ್ತು ಬೇಡಿಕೊಂಡದ್ದರಿಂದ ಹದಿನಾರರ ಮಗ ಜಾನ್ ಉಳಿದ. ಅಮೆರಿಕ ಸಂಸತ್ತಿನ ತನಿಖಾ ಸಮಿತಿಗಾಗಿ ಪ್ರಮಾಣ ಮಾಡಿ ಕೊಟ್ಟ ಆ ಹೇಳಿಕೆಯಲ್ಲಿ ಅಲಂಕಾರವಿಲ್ಲ, ವಾದವಿಲ್ಲ, ಬಾಗಿಲು ತಟ್ಟಿದ್ದರಿಂದ ಹೆಣಗಳು ಸಿಕ್ಕವರೆಗಿನ ವಿವರ ಮಾತ್ರವಿದೆ. 1859ರಲ್ಲಿ, ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲಿನ ದಾಳಿಗಾಗಿ ಗಲ್ಲಿಗೇರಲಿದ್ದ ಬ್ರೌನ್‌ನಿಗೆ ಆಕೆಯ ಹೆಸರಿನಲ್ಲಿ ಹೋದ ಪತ್ರವು ತಮ್ಮ ಮನೆಯಲ್ಲಿ ಗುಲಾಮರೇ ಇರಲಿಲ್ಲವೆಂದು ನೆನಪಿಸುತ್ತದೆ. ಗುಲಾಮಗಿರಿಯ ಪರ ನಿಂತದ್ದು ಘೋರ ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ, ಆದರೆ ಆ ರಾತ್ರಿಯನ್ನು ಬಿಟ್ಟು ಬ್ರೌನ್‌ನ ಕಥೆ ಹೇಳಲಾಗದು.

ಇವರೆಲ್ಲರೂ ಬಿಳಿಯ ಹೆಂಗಸರೆಂಬುದನ್ನೂ ಮರೆಯಬಾರದು. ಕಪ್ಪು ಜನರಿಗೆ ಓದುಬರಹ ಕಲಿಸುವುದನ್ನು ಮಿಸೌರಿ 1847ರಲ್ಲಿ ಕಾನೂನಿನಿಂದಲೇ ನಿಷೇಧಿಸಿತ್ತು. ಯಾರ ಗುಲಾಮಗಿರಿಯ ಸುತ್ತ ಜಗಳ ನಡೆಯಿತೋ ಆ ಕಪ್ಪು ಹೆಂಗಸರ ದಿನಚರಿಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. ಡಾಯ್ಲ್‌ಳ ಹೇಳಿಕೆಯನ್ನೂ ರಾಬಿನ್‌ಸನ್‌ರ ಪುಸ್ತಕದ ಒಂದು ಅಧ್ಯಾಯವನ್ನೂ ಅನುವಾದಿಸಿ, ಈ ಕೊರತೆಯನ್ನು ವಿವರಿಸುವ ಟಿಪ್ಪಣಿಯೊಂದಿಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಒಟ್ಟಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿಹಾಸ ಅಧ್ಯಾಪಕಿ, ಧಾರವಾಡ